ಚಿಪ್ಪಿನೊಳಗೆ ಯಾರೋ ಇದ್ದಾರೆ

“ಮಾತಾಡು ಇಂಚರಾ. ನಿಲ್ಲಿಸಬೇಡ. ಏನಾದ್ರೂ ಮಾತಾಡ್ತಾ ಇರು, ಪ್ಲೀಸ್.”

ಹೀಗೆ ಗೋಗರೆದವಳು ನಾನು. ಕೇಳಿಸಿಕೊಂಡವಳು ನನ್ನ ಒಂಬತ್ತು ವರ್ಷದ ಮಗಳು. ಜಾಗ, ಸಿಡ್ನಿಯ ಕಡಲ ದಂಡೆಯಿಂದ ಆಸ್ಪತ್ರೆಗೆ ಓಡುತ್ತಿದ್ದ ಆಂಬುಲೆನ್ಸು.

ಇಂಚರಾಳ ಸ್ಕೂಲ್ ರಿಪೋರ್ಟ್ ನೋಡಿದವರು ಇದನ್ನು ಕೇಳಿದರೆ ನಕ್ಕುಬಿಡುತ್ತಾರೆ. ಪ್ರತಿ ಟರ್ಮ್ ಕೊನೆಗೂ ಟೀಚರ್ ತಪ್ಪದೆ ಒಂದು ಸಾಲು ಬರೆಯುತ್ತಾರೆ: ಜಾಣೆ, ಆದರೆ ಕ್ಲಾಸಿನಲ್ಲಿ ಮಾತು ಜಾಸ್ತಿ. ಮನೆಯಲ್ಲೂ ಅಷ್ಟೇ. ಹಲ್ಲುಜ್ಜುವಾಗ ಬ್ರಶ್ ಬಾಯಲ್ಲಿಟ್ಟುಕೊಂಡೇ ಕನಸಿನ ಕಥೆ ಶುರು ಮಾಡುತ್ತಾಳೆ. “ಸ್ವಲ್ಪ ಸುಮ್ನಿರ್ತೀಯಾ?” ಎಂದು ದಿನಕ್ಕೆ ಹತ್ತು ಸಲವಾದರೂ ಅಂದಿರುತ್ತೇನೆ. ಅಂಥವಳಿಗೆ ಮಾತಾಡು ಎಂದು ಕೈಮುಗಿಯುವ ದಿನ ಬಂತು.

(ಗಾಬರಿಯಾಗಬೇಡಿ. ನಾನಿದನ್ನು ಬರೆಯುತ್ತಿರುವಾಗ ಅವಳು ಪಕ್ಕದ ರೂಮಿನಲ್ಲಿ ಅಪ್ಪನ ಜೊತೆ ಜೋರಾಗಿ ವಾದ ಮಾಡುತ್ತಿದ್ದಾಳೆ. ಆ ಗಲಾಟೆ ಕಿವಿಗೆ ಬೀಳುತ್ತಿರುವುದರಿಂದಲೇ ನನಗೆ ಬರೆಯಲು ಸಾಧ್ಯವಾಗುತ್ತಿದೆ.)

ಎಲ್ಲ ಶುರುವಾಗಿದ್ದು ನಮ್ಮ ಅವ್ವನಿಂದ. ಜನವರಿಯಲ್ಲಿ ಅವ್ವ ಧಾರವಾಡದಿಂದ ಆರು ತಿಂಗಳಿರಲು ಬಂದಳು. ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವಳು. ಶಾಲೆಯ ಲ್ಯಾಬಿನಲ್ಲಿ ಒಂದು ಮರದ ಕಪಾಟಿತ್ತು. ಅದರಲ್ಲಿ ಸಾಲಾಗಿ ಗಾಜಿನ ಬಾಟಲಿಗಳು. ಫಾರ್ಮಲಿನ್‌ನಲ್ಲಿ ಮುಳುಗಿದ ಒಂದು ಕಡಲ ಕುದುರೆ, ಒಂದು ಏಡಿ, ಒಂದು ಪುಟ್ಟ ಆಕ್ಟೋಪಸ್. ಎಲ್ಲದರ ಬಣ್ಣವೂ ಕರಗಿ ಹಳೇ ಬನಿಯನ್ನಿನ ಬಣ್ಣಕ್ಕೆ ತಿರುಗಿತ್ತು. ಅವ್ವನ ಪಾಲಿಗೆ ಸಮುದ್ರವೆಂದರೆ ಆ ಕಪಾಟು.

ಕಾರವಾರ ದೂರವೇನಲ್ಲ. ಪ್ರತಿ ವರ್ಷ ಶಾಲೆಯ ಪ್ರವಾಸ ಅಲ್ಲಿಗೇ ಹೋಗುತ್ತಿತ್ತು. ಅವ್ವ ಒಮ್ಮೆಯೂ ಹೋಗಲಿಲ್ಲ. ಮೊದಲು ನಾನು ಸಣ್ಣವಳು. ಆಮೇಲೆ ತಮ್ಮ ಸಣ್ಣವನು. ಆಮೇಲೆ ನಮ್ಮಜ್ಜಿಗೆ ಲಕ್ವ ಹೊಡೆಯಿತು. ಮಕ್ಕಳನ್ನು ಬಸ್ ಹತ್ತಿಸಿ, ಕೈಬೀಸಿ, ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು. ಇದನ್ನೆಲ್ಲ ಅವಳು ದುಃಖವೆಂದು ಹೇಳಿಕೊಂಡಿದ್ದೇ ಇಲ್ಲ. ನಾನೂ ಕೇಳಿರಲಿಲ್ಲ.

ನಾವಿರುವ ರೌಸ್ ಹಿಲ್‌ನಿಂದ ಕಡಲಿಗೆ ಕಾರಿನಲ್ಲಿ ಒಂದು ತಾಸು. ಆ ಒಂದು ತಾಸನ್ನು ನಾವು ವರ್ಷಕ್ಕೆ ಎರಡು ಸಲ ದಾಟಿದರೆ ಹೆಚ್ಚು. ವೀಕೆಂಡ್ ಅಂದರೆ ನಿಮಗೆ ಗೊತ್ತಲ್ಲ? ಶನಿವಾರ ಸ್ವಿಮ್ಮಿಂಗ್, ಡ್ಯಾನ್ಸ್, ಕನ್ನಡ ಕ್ಲಾಸ್. ಭಾನುವಾರ ಬ್ಲ್ಯಾಕ್‌ಟೌನ್‌ಗೆ ಹೋಗಿ ದಿನಸಿ ತರುವುದು, ಬಟ್ಟೆ ಒಗೆಯುವುದು, ಸಂಜೆ ಯಾರದೋ ಮಗುವಿನ ಬರ್ತ್‌ಡೇ. ಸುತ್ತ ಮೂರು ಕಡೆ ಸಮುದ್ರವಿರುವ ದೇಶಕ್ಕೆ ಬಂದು ಮಕ್ಕಳನ್ನು ಕ್ಲಾಸಿಗೆ ಸೇರಿಸಿ ನೀರು ತೋರಿಸುವವರು ನಾವು. (ನಾಲ್ಕೂ ಕಡೆ ಸಮುದ್ರವಿದೆ ಎಂದು ಇಂಚರಾ ತಿದ್ದಿದಳು. ಸರಿ, ನಾಲ್ಕೂ ಕಡೆ.)

ಒಂದು ಭಾನುವಾರ, ಅವ್ವನಿಗೆ ಬೇಜಾರಾಗಿದೆ ಎಂದು, ಲಾಂಗ್ ರೀಫ್ ಎಂಬ ಕಡಲ ತೀರಕ್ಕೆ ಕರೆದುಕೊಂಡು ಹೋದೆವು. ಅಲೆಗಳ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅಲ್ಲಿ ನೀರು ಇಳಿದಾಗ ದೊಡ್ಡ ಬಂಡೆ ಹಾಸು ಮೇಲೇಳುತ್ತದೆ. ಅದರ ತಗ್ಗುಗಳಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. ಇಲ್ಲಿಯವರು ಅದನ್ನು ರಾಕ್ ಪೂಲ್ ಅನ್ನುತ್ತಾರೆ. ಅವ್ವ ಅಂಥದೊಂದು ಗುಂಡಿಯ ಪಕ್ಕ ಸೀರೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕುಳಿತಳು. ಎರಡು ತಾಸು ಏಳಲಿಲ್ಲ.

“ಇಲ್ಲಿ ಬಾ, ನೋಡು,” ಎಂದು ಪಿಸುಗುಟ್ಟಿದಳು, ದೇವರ ಮನೆಯಲ್ಲಿ ಮಾತಾಡುವ ಹಾಗೆ. ಬಂಡೆಗೆ ಅಂಟಿದ್ದ ಕೆಂಪು ಜೆಲ್ಲಿಯಂಥ ಉಂಡೆಯೊಂದು ನೀರೊಳಗೆ ಹೂವಿನಂತೆ ಅರಳುತ್ತಿತ್ತು. “ಇದು ಹೂವಲ್ಲ. ಪ್ರಾಣಿ. ಜೀವಂತ ಐತಿ. ನಾ ಇದರ ಚಿತ್ರ ಬೋರ್ಡಿನ ಮ್ಯಾಲ ಎಷ್ಟ ಸಲ ತಗದೇನಿ! ಹಿಂಗ ಅಳ್ಳಾಡತೈತಿ ಅಂತ ಇವತ್ತ ಗೊತ್ತಾತು.”

ಅಲ್ಲಿಂದ ಮುಂದೆ ನಮ್ಮ ಭಾನುವಾರಗಳು ಅವ್ವನ ವಶವಾದವು. ಸಮುದ್ರ ಯಾವಾಗ ಇಳಿಯುತ್ತದೆ ಎಂದು ಫೋನಿನಲ್ಲಿ ನೋಡಿ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು. ಬೆಳಿಗ್ಗೆ ಆರಕ್ಕೇ ಎದ್ದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಸೀರೆಯ ಕೆಳಗೆ ನನ್ನ ಹಳೇ ಜಾಗಿಂಗ್ ಶೂ ಹಾಕಿಕೊಂಡು, ಮಡಚುವ ಛತ್ರಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೈಸೂರಿನವನಾದ ನನ್ನ ಗಂಡ ಶ್ರೀಧರ ಇದಕ್ಕೆ ‘ಅತ್ತೆಯವರ ಪ್ರಾಕ್ಟಿಕಲ್ ಕ್ಲಾಸ್’ ಎಂದು ಹೆಸರಿಟ್ಟ. ಮೂರನೇ ಭಾನುವಾರ, ಬಂಡೆಗೆ ಅಂಟಿದ್ದ ಕಂದು ಗಂಟಿನಂಥದರ ಮೇಲೆ ಅವನು ಕಾಲಿಟ್ಟ. ಅದು ಚರ್ರನೆ ನೀರು ಚಿಮ್ಮಿ ಅವನ ಪ್ಯಾಂಟು ತೋಯಿಸಿತು. ಅದೂ ಪ್ರಾಣಿಯೇ. ಅವ್ವ ಮತ್ತು ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವ್ವನ ಕ್ಲಾಸಿಗೆ ನಿಯಮಗಳಿದ್ದವು. ಕಲ್ಲು ಸರಿಸಿದರೆ ಮತ್ತೆ ಇದ್ದ ಹಾಗೇ ಇಡಬೇಕು. ಏನನ್ನೂ ಮನೆಗೆ ತರಬಾರದು. ನೋಡುವಾಗ ಎರಡೂ ಕೈ ಬೆನ್ನ ಹಿಂದೆ. ಇನ್ನೊಂದು ಅಭ್ಯಾಸವೂ ಇತ್ತು. ಪಾರ್ಕಿಂಗ್ ಪಕ್ಕದಲ್ಲಿ ಅಪಾಯಕಾರಿ ಜೀವಿಗಳ ಚಿತ್ರವಿದ್ದ ಒಂದು ಬೋರ್ಡಿತ್ತು. ಅವ್ವ ಪ್ರತಿ ಸಲವೂ ಅದರ ಮುಂದೆ ನಿಂತು ಮೊದಲಿಂದ ಕೊನೆಯವರೆಗೆ ಓದುತ್ತಿದ್ದಳು. ನಾವು ಮುಂದೆ ಹೋಗಿ ನಿಂತು “ಅವ್ವಾ, ಬಾ” ಎಂದು ಕರೆಯುತ್ತಿದ್ದೆವು. ನೀವೇ ಹೇಳಿ, ಅಂಥ ಬೋರ್ಡುಗಳನ್ನು ಯಾರು ಓದುತ್ತಾರೆ?

ಮಾರ್ಚ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಒಂಬತ್ತೂವರೆ. ಅವ್ವ ಒಂದು ಗುಂಡಿಯ ಹತ್ತಿರ, ಶ್ರೀಧರ ಅವಳ ಪಕ್ಕ. ಇಂಚರಾ ಹತ್ತು ಹೆಜ್ಜೆ ದೂರದಲ್ಲಿ ನನ್ನ ಜೊತೆ. ಅಂದರೆ, ಅವಳನ್ನು ನೋಡಿಕೊಳ್ಳಬೇಕಾದವಳು ನಾನು. ನಾನು ಕೆಲಸ ಮಾಡುವ ನಾರ್ವೆಸ್ಟ್‌ನ ಆಫೀಸಿನಲ್ಲಿ ಆ ವಾರ ಏನೋ ಎಡವಟ್ಟಾಗಿತ್ತು. ಮ್ಯಾನೇಜರ್ ಮೆಸೇಜ್ ಬಂತು. ಬಂಡೆಯ ಮೇಲೆ ಕೂತು ಉತ್ತರ ಟೈಪ್ ಮಾಡತೊಡಗಿದೆ.

“ಮಮ್ಮಾ, ಲುಕ್! ಸಮ್‌ಬಡೀಸ್ ಹೋಮ್!”

ಇಂಚರಾ ಬೊಗಸೆಯಲ್ಲಿ ಒಂದು ಚಿಪ್ಪು ಹಿಡಿದು ನನ್ನ ಮುಂದೆ ನಿಂತಿದ್ದಳು. ಚಿಪ್ಪಿನೊಳಗೆ ಯಾರೋ ಇದ್ದಾರಂತೆ.

“ಸೂಪರ್ ಕಣೆ,” ಎಂದೆ.

ತಲೆ ಎತ್ತಲಿಲ್ಲ. ಒಂದೇ ಒಂದು ಸಲ ತಲೆ ಎತ್ತಿದ್ದರೆ? ಎತ್ತಲಿಲ್ಲ. ವಾಕ್ಯ ಮುಗಿಸಿ ಸೆಂಡ್ ಒತ್ತಬೇಕಿತ್ತು.

ತಲೆ ಎತ್ತಿಸಿದ್ದು ಅವ್ವನ ದನಿ.

“ಇಂಚರಾ! ನಿಂದರಲ್ಲೇ!”

ಆ ದನಿಯನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅರವತ್ತು ಹುಡುಗಿಯರ ಕ್ಲಾಸನ್ನು ಒಂದೇ ಮಾತಿಗೆ ಕಲ್ಲಾಗಿಸುತ್ತಿದ್ದ ದನಿ. ಇಂಚರಾ ಕಲ್ಲಾದಳು. ಅವಳ ಬಲ ಅಂಗೈ ಮೇಲೆ, ಚಿಪ್ಪಿನಿಂದ ಹೊರಗೆ ಬಂದ ನಿಂಬೆಹಣ್ಣಿಗಿಂತ ಸಣ್ಣದೊಂದು ಆಕ್ಟೋಪಸ್ ಕೂತಿತ್ತು. ಹಳದಿ ಮೈ. ಮೈ ತುಂಬ ಹೊಳೆಯುವ ನೀಲಿ ಉಂಗುರಗಳು. ಅಷ್ಟು ಚಂದದ ನೀಲಿಯನ್ನು ನಾನು ಯಾವ ಸೀರೆಯಲ್ಲೂ ನೋಡಿಲ್ಲ.

“ಒಗಿಬ್ಯಾಡ. ಹಿಚಕಬ್ಯಾಡ,” ಅವ್ವ ಬಂಡೆಗಳ ಮೇಲೆ ಬರುತ್ತಲೇ ಹೇಳುತ್ತಿದ್ದಳು. ಓಡಲಿಲ್ಲ. ಓಡಿದರೆ ಮಗು ಹೆದರುತ್ತದೆ ಎಂದು ಅವಳಿಗೆ ಗೊತ್ತಿತ್ತು. “ಹಗರಕ ಕೆಳಗ ಕೂಡು. ಕೈ ನೀರಾಗ ಇಡು. ಅದ ತಾನ ಹೋಗತೈತಿ.”

ಇಂಚರಾ ಕೂತಳು. ಕೈಯನ್ನು ನೀರಿಗಿಟ್ಟಳು. ಆ ಜೀವಿ ಅಂಗೈ ದಾಟಿ, ಬೆರಳುಗಳ ಸಂದಿಯಿಂದ ಇಳಿದು, ಬಂಡೆಯ ಬಿರುಕಿನೊಳಗೆ ಸೇರಿಕೊಂಡಿತು.

“ಶ್ರೀಧರ ಅವರ, ಆಂಬುಲೆನ್ಸಿಗೆ ಫೋನ್ ಹಚ್ರಿ,” ಎಂದಳು ಅವ್ವ. “ಇದು ಆ ಬೋರ್ಡಿನ ಮ್ಯಾಲಿಂದು. ಕಡದ್ರ ನೋಯಂಗಿಲ್ಲ. ಕಡದದ್ದೂ ಗೊತ್ತಾಗಂಗಿಲ್ಲ. ಆಮ್ಯಾಲ ಉಸಿರ ನಿಂದರತೈತಿ.”

ನಾನು ಮಗಳ ಎರಡೂ ಭುಜ ಹಿಡಿದುಕೊಂಡೆ. “ಕಚ್ಚಿತಾ?”

“ನೋ.”

“ನಿಜ ಹೇಳು ಇಂಚರಾ! ಕಚ್ಚಿತಾ ಇಲ್ವಾ?”

“ನೋ! ಐ ಡಿಡಂಟ್ ಡೂ ಎನಿಥಿಂಗ್!” ಅಳು ಒಡೆಯಿತು.

ಈ ‘ನೋ’ ನನಗೆ ಚೆನ್ನಾಗಿ ಗೊತ್ತು. ಊಟದ ಡಬ್ಬಿ ಕಸದ ಬುಟ್ಟಿಗೆ ಸುರಿದೆಯಾ? ನೋ. ಐಪ್ಯಾಡ್ ಬೀಳಿಸಿದೆಯಾ? ನೋ. ನಾನು ದನಿ ಎತ್ತಿದರೆ ಸಾಕು, ಪ್ರಶ್ನೆ ಪೂರ್ತಿಯಾಗುವ ಮೊದಲೇ ಬರುವ ‘ನೋ’ ಅದು. ಬೈಗುಳದಿಂದ ತಪ್ಪಿಸಿಕೊಳ್ಳುವ ‘ನೋ’. ಅದನ್ನು ಅವಳಿಗೆ ಕಲಿಸಿದ್ದು ಯಾರು? ಬೇರೆ ಯಾರೂ ಅಲ್ಲ. ಈಗ, ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಕೇಳುವ ಹೊತ್ತಿನಲ್ಲಿ, ಮಗಳ ಉತ್ತರವನ್ನು ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

“ಹಂಗ ಕೇಳಬ್ಯಾಡ ಅಕಿನ್ನ,” ಎಂದು ಅವ್ವ ನನ್ನನ್ನು ಸರಿಸಿದಳು. ತಾನು ಬಂಡೆಯ ಮೇಲೆ ಕೂತು, ಇಂಚರಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. “ತಂಗಿ, ಅದನ್ನ ಹೆಂಗ ಹಿಡದಿದ್ದಿ? ಎಡಗೈಲೆ ಮಾಡಿ ತೋರಸು. ಬಲಗೈ ಅಳ್ಳಾಡಸಬ್ಯಾಡ.”

ಇಂಚರಾ ಬಿಕ್ಕುತ್ತಲೇ ತೋರಿಸಿದಳು. ಚಿಪ್ಪನ್ನು ಹೀಗೆ ಎತ್ತಿದೆ. ಹೀಗೆ ಅಲ್ಲಾಡಿಸಿದೆ. ಅದು ಹೊರಗೆ ಬಂತು. ಹೀಗೆ ನಡೆಯಿತು, ಕಚಗುಳಿಯಾಯಿತು. ಅಷ್ಟೇ, ಅಜ್ಜಿ.

ನೋವಾಯ್ತಾ ಎಂದರೆ ಇಲ್ಲ. ಆದರೆ ಹೆಬ್ಬೆರಳಿನ ಬುಡದಲ್ಲಿ ಒಂದು ಕೆಂಪು ಚುಕ್ಕೆಯಿತ್ತು. ಸಾಸಿವೆ ಕಾಳಿನಷ್ಟು. ಅದು ಯಾವಾಗ ಆಯಿತು? ಅವಳಿಗೆ ಗೊತ್ತಿಲ್ಲ. ಕಾರಿನಿಂದ ಇಳಿಯುವಾಗ ಇತ್ತೇ? ನನಗೆ ಗೊತ್ತಿಲ್ಲ.

ಶ್ರೀಧರ ಫೋನಿನ ಸ್ಪೀಕರ್ ಆನ್ ಮಾಡಿ ಅವ್ವನ ಪಕ್ಕ ಇಟ್ಟು, ಕಾರಿನಲ್ಲಿದ್ದ ಫಸ್ಟ್ ಏಡ್ ಬಾಕ್ಸ್ ತರಲು ಓಡಿದ. (ಕೊಂಡ ದಿನದಿಂದ ಅದರ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ.) ಫೋನಿನಲ್ಲಿದ್ದ ಹೆಂಗಸು ಒಂದೊಂದಾಗಿ ಹೇಳಿದಳು. ಬೆರಳಿನಿಂದ ಮೇಲಿನವರೆಗೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ. ಕೈ ಅಲುಗದ ಹಾಗೆ ಏನಾದರೂ ಕಟ್ಟಿ. ಉಸಿರು ನೋಡುತ್ತಿರಿ. ಅದು ನಿಂತರೆ ನಾವು ಹೇಳಿದ ಹಾಗೆ ಬಾಯಿಂದ ಉಸಿರು ಕೊಡಬೇಕು. ಆ ಕೊನೆಯ ಮಾತನ್ನು ಕನ್ನಡದಲ್ಲಿ ಅವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವ್ವ ಶಾಲೆಯಲ್ಲಿ ಗೈಡ್ಸ್ ಟೀಚರ್ ಆಗಿದ್ದವಳು. ಬ್ಯಾಂಡೇಜ್ ಸುತ್ತಿ, ತನ್ನ ಮಡಚಿದ ಛತ್ರಿಯನ್ನು ಮೊಮ್ಮಗಳ ಕೈಗೆ ಆಸರೆಯಾಗಿ ಕಟ್ಟಿದಳು. ಗಂಟು ಒಂದೇ ಸಲಕ್ಕೆ ಬಿಗಿಯಾಯಿತು.

ಆಂಬುಲೆನ್ಸ್ ಬರಲು ಹಿಡಿದ ಸಮಯ ಎಷ್ಟೆಂದು ಆಮೇಲೆ ಶ್ರೀಧರ ಫೋನ್ ನೋಡಿ ಹೇಳಿದ. ನಾನು ನಂಬಲಿಲ್ಲ. ನನ್ನ ಲೆಕ್ಕದಲ್ಲಿ ಅಷ್ಟರಲ್ಲಿ ಒಂದು ಆಯಸ್ಸೇ ಕಳೆದಿತ್ತು.

ಇಂಚರಾಳ ಜೊತೆ ನಾನು ಹತ್ತಿದೆ. ಅವ್ವ, ಶ್ರೀಧರ ಕಾರಿನಲ್ಲಿ ಹಿಂದೆ ಬಂದರು. ಆಂಬುಲೆನ್ಸಿನ ಹೆಂಗಸು ನನಗಿಂತ ಸಣ್ಣವಳು, ಮುಖದ ತುಂಬ ಕಂದು ಚುಕ್ಕೆ. ಈ ವಿಷಕ್ಕೆ ಮದ್ದಿಲ್ಲ, ಕಚ್ಚಿದ್ದರೆ ಉಸಿರಾಟವನ್ನು ನಾವು ನೋಡಿಕೊಳ್ಳುತ್ತೇವೆ, ಮೈಯೇ ವಿಷವನ್ನು ಕರಗಿಸುತ್ತದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: “ತುಟಿ ಜುಮ್ಮೆಂದರೆ, ನಾಲಿಗೆ ತೊದಲಿದರೆ, ಒಂದು ಎರಡಾಗಿ ಕಂಡರೆ ತಕ್ಷಣ ಹೇಳಿ. ಅದಕ್ಕೇ, ಅವಳನ್ನು ಮಾತಾಡಿಸುತ್ತಾ ಇರಿ.”

ಹಾಗೆ ಶುರುವಾಯಿತು ನನ್ನ ಬೇಡಿಕೆ. ಮಾತಾಡು ಇಂಚರಾ.

ಅವಳು ಕೈಗೆ ಕಟ್ಟಿದ್ದ ಛತ್ರಿಯನ್ನು ನೋಡಿದಳು. ಆಮೇಲೆ ಕೇಳಿದಳು. (ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.)

“ಮಮ್ಮಾ, ನಾನು ಸತ್ತುಹೋದರೆ ಆಗಲೂ ನಿನಗೆ ಕೋಪ ಇರುತ್ತಾ?”

“ಇಲ್ಲ. ನನಗೆ ಕೋಪವೇ ಇಲ್ಲ. ನೀನು ಸಾಯೋದೂ ಇಲ್ಲ.”

“ಪ್ರಾಮಿಸ್?”

“ಪ್ರಾಮಿಸ್.”

“ಹಾಗಾದರೆ ಐಪ್ಯಾಡ್ ಒಡೆದಿದ್ದು ನಾನೇ.”

ಆಂಬುಲೆನ್ಸಿನ ಹೆಂಗಸು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಮುಂದುವರಿಸು.

ಮುಂದುವರಿಸಿದಳು. ಅಜ್ಜಿ ಕಟ್ಟುವ ಬೆಂಡೆಕಾಯಿ ಪಲ್ಯ ದಿನವೂ ಕಸದ ಬುಟ್ಟಿಗೆ ಹೋಗುತ್ತದೆ. ಕನ್ನಡ ಕ್ಲಾಸಿನಲ್ಲಿ ಪದ್ಯ ಒಪ್ಪಿಸುವ ದಿನ ಅಜ್ಜಿಗೆ ಜ್ವರ ಎಂದು ಸುಳ್ಳು ಹೇಳಿದ್ದಾಳೆ. ಡ್ಯಾನ್ಸ್ ಟೀಚರ್ ಅಭಿನಯಿಸುವಾಗ ಕಣ್ಣು ತಿರುಗಿಸುವುದೆಂದರೆ ಅವಳಿಗೆ ಹೆದರಿಕೆ. ಲೈಬ್ರರಿಯ ಒಂದು ಪುಸ್ತಕ ನಮ್ಮ ಸೋಫಾದ ಕೆಳಗಿದೆ, ಅದರ ಮೇಲೆ ಜ್ಯೂಸ್ ಚೆಲ್ಲಿದೆ. ಒಂದು ವರ್ಷದ ಅಪರಾಧಗಳೆಲ್ಲ ಸಾಲಾಗಿ ಹೊರಗೆ ಬಂದವು. ನಾನು ಒಂದೊಂದಕ್ಕೂ ಕಿವಿಗೊಟ್ಟಿದ್ದು ಮಾತಿನ ಅರ್ಥಕ್ಕಲ್ಲ, ಅಕ್ಷರಕ್ಕೆ. ‘ರ’ ತೊದಲಿತೇ? ‘ಲ’ ಸರಿಯಾಗಿ ಬಂತೇ?

ಆಮೇಲೆ ಅದೇ ದನಿಯಲ್ಲಿ, ಪಲ್ಯದ ವಿಷಯ ಹೇಳಿದಷ್ಟೇ ಸರಾಗವಾಗಿ, ಇದನ್ನೂ ಹೇಳಿದಳು. ಈ ಟರ್ಮ್ ಶುರುವಾದಾಗಿನಿಂದ ಲಂಚ್‌ನಲ್ಲಿ ಅವಳ ಪಕ್ಕ ಯಾರೂ ಕೂರುವುದಿಲ್ಲ. ಇಬ್ಬರು ಹುಡುಗಿಯರು ಬೇರೆಯವರಿಗೂ ಬೇಡವೆಂದು ಹೇಳಿದ್ದಾರೆ. ಅವಳು ಲೈಬ್ರರಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತಾಳೆ. ಡಬ್ಬಿ ತೆರೆದರೆ ವಾಸನೆ ಎಂದು ಅವರು ಮೂಗು ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಪಲ್ಯ ಬುಟ್ಟಿಗೆ.

“ನನಗ್ಯಾಕೆ ಹೇಳಲಿಲ್ಲ ಪುಟ್ಟಾ?”

“ಹೇಳಿದ್ದೆ. ನೀನು ಲ್ಯಾಪ್‌ಟಾಪ್ ನೋಡ್ತಿದ್ದೆ. ‘ಓಕೆ, ಸೂಪರ್’ ಅಂದೆ.”

ಅಂಗೈ ಮೇಲೆ ಆ ಪ್ರಾಣಿಯನ್ನಿಟ್ಟುಕೊಂಡು ಬಂದಾಗಲೂ ಸೂಪರ್. ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತೇನೆ ಎಂದಾಗಲೂ ಸೂಪರ್. ದಿನವಿಡೀ ಮಾತಾಡುವ ಮಗು ನಮ್ಮದು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೇವೆ. ಅಷ್ಟು ಮಾತಿನ ನಡುವೆ ಒಂದು ಮಾತು ಬೇರೆ ಥರದ್ದು ಎಂದು ನಮಗೆ ಹೇಗೆ ತಿಳಿಯಬೇಕು? ಕೇಳಿಸಿಕೊಂಡರೆ ತಿಳಿಯುತ್ತದೆ, ಅಷ್ಟೇ. ನಾನು ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡು, “ಇನ್ನೂ ಹೇಳು,” ಎಂದೆ. ಈ ಸಲ ಕಿವಿ ಅಕ್ಷರದ ಮೇಲಿರಲಿಲ್ಲ.

ಆಸ್ಪತ್ರೆಯಲ್ಲಿ ಆರು ತಾಸು ಇಟ್ಟುಕೊಂಡು ನೋಡುತ್ತೇವೆ ಎಂದರು. ಬೆರಳಿಗೆ ಕ್ಲಿಪ್ ಹಾಕಿದರು. ಪರದೆಯ ಮೇಲೆ ಒಂದು ಹಸಿರು ಗೆರೆ ಏಳುತ್ತಾ ಬೀಳುತ್ತಾ ಓಡಿತು. ಶ್ರೀಧರ ಅದನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲಿಲ್ಲ. ದೊಡ್ಡ ದೊಡ್ಡ ಕಂಪ್ಯೂಟರುಗಳ ಮುಂದೆ ದಿನ ಕಳೆಯುವ ಮನುಷ್ಯ, ಆ ಸಣ್ಣ ಪರದೆಯ ಮುಂದೆ ಮಗುವಿನ ಹಾಗೆ ಬಾಯಿ ತೆರೆದು ಕೂತಿದ್ದ. ಅವ್ವ ಮಂಚದ ತುದಿಯಲ್ಲಿ ಕೂತು ಇಂಚರಾಳಿಂದ ಮಗ್ಗಿ ಹೇಳಿಸಿದಳು. ಹದಿಮೂರರ ಮಗ್ಗಿಯಲ್ಲಿ ಏಳಕ್ಕೆ ಬಂದು ಇಂಚರಾ ತಡವರಿಸಿದಳು. ಮೂವರೂ ಎದ್ದು ನಿಂತೆವು.

“ರಿಲ್ಯಾಕ್ಸ್,” ಎಂದಳು ಇಂಚರಾ. “ನನಗೆ ಹದಿಮೂರರ ಮಗ್ಗಿ ಬರಲ್ಲ.”

ಹನ್ನೆರಡಾಯಿತು. ಎರಡಾಯಿತು. ತುಟಿ ಜುಮ್ಮೆನ್ನಲಿಲ್ಲ. ನಾಲ್ಕೂವರೆಗೆ ಒಬ್ಬ ತರುಣ ಡಾಕ್ಟರ್ ಬಂದು ಬ್ಯಾಂಡೇಜ್ ಬಿಚ್ಚಿಸಿ, ಆ ಕೆಂಪು ಚುಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಂಡೆಗೆ ಅಂಟಿರುವ ಸಿಂಪಿ ಚಿಪ್ಪು ಗೀರಿರಬೇಕು, ಇಷ್ಟು ಹೊತ್ತಿಗೆ ಏನೂ ಆಗಿಲ್ಲವೆಂದರೆ ಕಚ್ಚಿಲ್ಲ, ಮನೆಗೆ ಹೋಗಿ ಎಂದ. ಇಂಚರಾ ನನ್ನ ಕಡೆ ತಿರುಗಿದಳು. “ಐ ಟೋಲ್ಡ್ ಯೂ. ನೋ ಅಂದಿದ್ದೆ.”

ಹೌದು. ಅಂದಿದ್ದಳು.

ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಬೆಳಗಿನ ಚಪಾತಿಗಳನ್ನು ತಿಂದೆವು. ತಣ್ಣಗಾಗಿ ಬಿರುಸಾಗಿದ್ದವು. ಅಷ್ಟು ರುಚಿಯಾದ ಊಟವನ್ನು ನಾನು ಈ ದೇಶದಲ್ಲಿ ಮಾಡಿಲ್ಲ. ಶ್ರೀಧರ ಒಂದು ಚಪಾತಿ ಕೈಯಲ್ಲಿ ಹಿಡಿದುಕೊಂಡು ಕಾರಿನ ಹಿಂದೆ ಹೋದ. ಬರುವಾಗ ಅವನ ಕಣ್ಣು ಕೆಂಪಾಗಿತ್ತು. ಅವ್ವ ನೀರಿನ ಬಾಟಲಿಯ ಮುಚ್ಚಳವನ್ನು ಎರಡು ಸಲ ತಿರುಗಿಸಿದಳು, ಬರಲಿಲ್ಲ. ನಾನೇ ತೆಗೆದುಕೊಟ್ಟೆ.

ದಾರಿಯಲ್ಲಿ ಇಂಚರಾ ನಿದ್ದೆಹೋದಳು. ಕಾರಿನಲ್ಲಿ ಆ ಮೌನ ನನಗೆ ತಡೆಯಲಾಗಲಿಲ್ಲ. ಎರಡು ಸಲ ಎಬ್ಬಿಸಿದೆ. ಎರಡನೇ ಸಲ ಅವಳು ಕಣ್ಣು ಮುಚ್ಚಿಕೊಂಡೇ, “ಮಮ್ಮಾ, ಸ್ವಲ್ಪ ಸುಮ್ನಿರ್ತೀಯಾ?” ಎಂದಳು. ಅಚ್ಚ ಕನ್ನಡದಲ್ಲಿ. ನನ್ನದೇ ದನಿಯಲ್ಲಿ.

ಸೋಮವಾರ ರಜೆ ಹಾಕಿ ಸ್ಕೂಲಿಗೆ ಹೋದೆ. ಟೀಚರ್ ಗಮನವಿಟ್ಟು ಕೇಳಿದರು. ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಇಬ್ಬರು ಹುಡುಗಿಯರು ಈಗಲೂ ಅವಳ ಸ್ನೇಹಿತೆಯರಲ್ಲ. ಆದರೆ ಲಂಚ್ ಹೊತ್ತಿಗೆ ಪಕ್ಕದ ಕ್ಲಾಸಿನ ಒಬ್ಬ ವಿಯೆಟ್ನಾಂ ಹುಡುಗಿ ಬಂದು ಕೂರುತ್ತಾಳೆ. ಇಬ್ಬರೂ ಡಬ್ಬಿ ಬದಲಾಯಿಸಿಕೊಳ್ಳುತ್ತಾರಂತೆ. ಬೆಂಡೆಕಾಯಿ ಮಾತ್ರ ಅವಳಿಗೂ ಬೇಡವಂತೆ. ಡ್ಯಾನ್ಸ್ ಕ್ಲಾಸ್ ಬಿಡಿಸಿದೆವು.

ಆ ವಾರ ಶ್ರೀಧರ ತೀರ್ಪು ಕೊಟ್ಟ. “ಸಾಕು ಅತ್ತೆ. ಇನ್ಮೇಲೆ ಸಮುದ್ರದ ಕಡೆ ತಲೆ ಹಾಕಿ ಮಲಗೋದೂ ಬೇಡ.”

ಅವ್ವ ಅಳಿಯನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಆಡಿದಳು. “ಶ್ರೀಧರ ಅವರ, ಅದು ತನ್ನ ಮನ್ಯಾಗ ಕುಂತಿತ್ತು. ನಾವು ಮನಿ ಎತ್ತಿದ್ವಿ. ಕೂಸಿಗೆ ನೋಡಾಕ ಕಲಸಿದ್ನಿ, ಏನ ಎತ್ತಬಾರದು ಅಂತ ಸರಿಯಾಗಿ ಕಲಸಲಿಲ್ಲ. ಅದು ನನ್ನ ತಪ್ಪು. ಈಗ ಬಿಟ್ರ ಅಕಿಗೆ ಅಂಜಿಕಿ ಒಂದ ಉಳಿತೈತಿ. ಅಂಜಿಕಿ ಇಟಗೊಂಡು ದೊಡ್ಡಾಕಿ ಆಗೂದು ಬ್ಯಾಡ.”

ಏಪ್ರಿಲ್ ರಜೆಯಲ್ಲಿ ನನ್ನ ತಮ್ಮನ ಮನೆಗೆ ಮೆಲ್ಬರ್ನ್‌ಗೆ ಹೋದಾಗ, ಅಲ್ಲಿಯ ಬ್ಯೂಮಾರಿಸ್ ಕಡೆಯ ಒಂದು ಶಾಂತವಾದ ತೀರಕ್ಕೆ ಕಾರ್ ತಿರುಗಿಸಿದವನು ಶ್ರೀಧರನೇ. ಈ ಸಲ ನಾಲ್ವರೂ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿದೆವು. ಎರಡು ಸಲ. ನನ್ನ ಫೋನ್ ಕಾರಿನಲ್ಲಿತ್ತು.

ಇಂಚರಾ ಮೊದಲು ಮರಳಿನ ಮೇಲೇ ನಿಂತಳು. ಬಂಡೆ ಹತ್ತಲು ಒಲ್ಲೆ ಎಂದಳು. ಅವ್ವ ಕರೆಯಲಿಲ್ಲ. ಹೋಗಿ ಒಂದು ಗುಂಡಿಯ ಪಕ್ಕ ಕೂತಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಅವಳ ಪಕ್ಕ ಇಂಚರಾ. ಎರಡೂ ಕೈ ಬೆನ್ನ ಹಿಂದೆ, ಬೆರಳಿಗೆ ಬೆರಳು ಹೆಣೆದು. ಇನ್ನು ಹತ್ತು ನಿಮಿಷಕ್ಕೆ ಅವಳೊಬ್ಬಳೇ ಆಚೆ ಗುಂಡಿ ಬಗ್ಗಿ ನೋಡುತ್ತಿದ್ದಳು. ನಾನು ಎರಡು ಹೆಜ್ಜೆ ಹಿಂದಿದ್ದೆ.

“ಅಜ್ಜೀ! ಸ್ಟಾರ್‌ಫಿಶ್! ಇದಕ್ಕೆ ಹನ್ನೊಂದು ಕೈ!”

“ಸರಿಯಾಗಿ ಎಣಿಸು,” ಎಂದುಬಿಟ್ಟೆ. (ಇಷ್ಟೆಲ್ಲ ಆದಮೇಲೂ. ನಾಲಿಗೆಗೆ ರಜೆಯೇ ಇಲ್ಲ.)

ಅವ್ವ ನಕ್ಕಳು. “ನಕ್ಷತ್ರ ಮೀನಿಗೆ ಐದ ಕೈ ತಂಗಿ. ಎರಡು ಒಂದರ ಮ್ಯಾಲ ಒಂದು ಕುಂತಿರಬೇಕು.”

“ನೋ ಅಜ್ಜಿ. ಕಮ್ ಆ್ಯಂಡ್ ಕೌಂಟ್.”

ಅವ್ವ ಹೋದಳು. ಬಗ್ಗಿದಳು. ಗಾಳಿಯಲ್ಲೇ ಬೆರಳಾಡಿಸಿ ಎಣಿಸಿದಳು. ಮತ್ತೆ ಎಣಿಸಿದಳು. ಒಂದೇ ಮೀನು. ಹನ್ನೊಂದು ಕೈ. ಇಲ್ಲಿ ಆ ಜಾತಿ ಇದೆಯೆಂದು ಆಮೇಲೆ ಗೊತ್ತಾಯಿತು. ಇಂಚರಾ ಕುಣಿದಾಡಿದಳು. ಅವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ.

“ಏನಾತವ್ವಾ?”

“ಒಂದ ವರ್ಷ ಪರೀಕ್ಷಾದಾಗ ಒಬ್ಬಾಕಿ ನಕ್ಷತ್ರ ಮೀನಿಗೆ ಎಂಟ ಕೈ ತಗದಿದ್ಲು. ನಮ್ಮ ಮಾವ ಕಾರವಾರದಾಗ ತೋರಿಸ್ಯಾನ್ರಿ ಟೀಚರ್, ನಾ ಖರೇನ ನೋಡೇನ್ರಿ ಅಂತ ಅತ್ಲು. ನಾ ಪುಸ್ತಕ ತೋರಿಸಿ ಸೊನ್ನಿ ಹಾಕಿದ್ನಿ.”

ಬಗ್ಗಿ ಒಮ್ಮೆ ಎಣಿಸಿ ನೋಡುವುದಕ್ಕೆ, ಅವ್ವನಿಗಾಗಲಿ ನನಗಾಗಲಿ, ಎಷ್ಟು ಹೊತ್ತು ಬೇಕಿತ್ತು?